ರಿಸಾರ್ಟ್ ಮ್ಯಾನೇಜರಿಗೆ ಕೊಟ್ಟ ಬೆಲ್ಲ ನೀರು

ಕಾಪು,
೬ ಮೇ ೨೦೨೫

ಪ್ರೀತಿಯ ಪಪ್ಪಾ,

ನಿಮ್ಮ ಸೊಂಟನೋವು ಹೇಗುಂಟು? ರತ್ನಗಿರಿಯ ಬೋಟಿನಲ್ಲಿ ಊಟಕ್ಕೆ ಈಗಲೂ ದಿನಾ ಬಂಗುಡೆಯೇ ಅಲ್ವಾ? ಇಲ್ಲಿ ಅಮ್ಮ ಸೌಖ್ಯ, ಕಟಪಾಡಿಗೆ ಮೀನು ಮಾರಲು ಹೋಗಿದ್ದಾರೆ. ಅಜ್ಜಿಯ ಕಾಲಿನ ಬಾವು ಮಾತ್ರ ಇಳಿದಿಲ್ಲ. ಡಾಕ್ಟರು ಉಪ್ಪನ್ನು ಪೂರ್ತಿ ಬಿಡಿಸಿದ್ದಾರೆ. ಅಂದಿನಿಂದ ಉಪ್ಪಿನಕಾಯಿ ಭರಣಿಯ ಕಾವಲಿಗೆ ನನ್ನನ್ನು ನೇಮಿಸಲಾಗಿದ್ದು, ಆ ಜವಾಬ್ದಾರಿಯನ್ನು ನಿಷ್ಠೆಯಿಂದ, ನಡುನಡುವೆ ಒಂದೊಂದು ಮಿಡಿ ತಿಂದು, ನಿರ್ವಹಿಸುತ್ತಿದ್ದೇನೆ ಎಂದು ಈ ಮೂಲಕ ತಿಳಿಸುತ್ತೇನೆ.

ಮುಂದಿನ ವಿಷಯ ನಮ್ಮ ಬಾವಿಯದ್ದು. ಪಕ್ಕದ ರಿಸಾರ್ಟಿನವರು ಎರಡನೇ ಬೋರ್ ಕೊರೆಸಿದ ಮೇಲೆ ಸಮುದ್ರವೇ ನಮ್ಮ ಬಾವಿಗೆ ಮನೆಯಳಿಯನಾಗಿ ಬಂದು ಕುಳಿತಿದೆ. ಆ ನೀರಲ್ಲಿ ಗಂಜಿ ಬೇಯಿಸಿದರೆ ಉಪ್ಪು ಹಾಕುವ ಕೆಲಸವೇ ಇಲ್ಲ. ಅಲ್ಲಿ ಈಜುಕೊಳ ತುಂಬಿ ತುಳುಕುತ್ತದೆ. ಸಮುದ್ರ ನೋಡಲು ಬಂದವರು ಸಮುದ್ರಕ್ಕೆ ಬೆನ್ನು ಹಾಕಿ ಆ ಕೊಳದಲ್ಲಿ ಈಜುತ್ತಾರೆ. ನಮಗೆ ನಾಲ್ಕು ದಿನಕ್ಕೊಮ್ಮೆ ಟ್ಯಾಂಕರ್, ಮನೆಗೆ ಆರು ಕೊಡ. ಪುರಸಭೆಗೆ ಅರ್ಜಿ ಕೊಟ್ಟಾಯಿತು. “ನೋಡುವ” ಅಂದರು. ನೋಡುತ್ತಲೇ ಇದ್ದಾರೆ. (ಹೋದ ತಿಂಗಳು ಸುಮ್ಮನೆ “ಟ್ಯಾಂಕರ್ ಬಂತು!” ಎಂದು ಕೂಗಿ ಇಡೀ ಕೇರಿಯನ್ನು ಕೊಡ ಸಮೇತ ರಸ್ತೆಗೆ ಇಳಿಸಿದವನು ನಾನೇ. ಅಂದು ಮೊದಲು ಓಡಿಬಂದ ವಿಠಲ ಮಾವ ಇನ್ನೂ ನನ್ನೊಡನೆ ಮಾತಾಡುವುದಿಲ್ಲ. ಆದರೂ ನಿಮ್ಮ ಬೋಟಿಗೆ ಬರುವಾಗ ಈ ಪತ್ರ ತರಲು ಒಪ್ಪಿದ್ದಾರೆ, ದೊಡ್ಡ ಮನಸ್ಸು.)

ಮೊನ್ನೆ ರಿಸಾರ್ಟಿನ ಮ್ಯಾನೇಜರ್ ಖುದ್ದು ಬಂದರು. ನಮ್ಮ ಅಂಗಳದ ಒಣಮೀನಿನ ವಾಸನೆ ಅವರ ಗೆಸ್ಟ್‌ಗಳಿಗೆ ಆಗುವುದಿಲ್ಲವಂತೆ. ಅಜ್ಜಿ ಬೈಯುವುದು ಬಿಟ್ಟು, “ಬಿಸಿಲಿಗೆ ಬಂದಿದ್ದೀರಿ, ಕೂತುಕೊಳ್ಳಿ” ಎಂದರು. ಅವರು ನಿಮಗೆ ಗೊತ್ತುಂಟಲ್ಲ, ಬಂದವರು ಬಾವಿ ಕದ್ದವರೇ ಆದರೂ ಬೆಲ್ಲದ ತುಂಡು, ಒಂದು ಲೋಟ ನೀರು ಕೊಡದೆ ಮಾತು ಶುರು ಮಾಡುವವರಲ್ಲ. ನಾನು ಟ್ಯಾಂಕರ್ ನೀರಿನ ಕೊಡವನ್ನು ಭಕ್ತಿಯಿಂದ ದಾಟಿ, ಬಾವಿಯಿಂದಲೇ ಸೇದಿ ತಂದು, ಎರಡೂ ಕೈಯಲ್ಲಿ ಹಿಡಿದು ಬಗ್ಗಿ ಕೊಟ್ಟೆ. ಮಾರಾಯರು ಬೆಲ್ಲ ಬಾಯಿಗೆ ಹಾಕಿಕೊಂಡು, ಚೀಲದಿಂದ ತಮ್ಮದೇ ಬಾಟಲಿ ತೆಗೆದು ಕುಡಿದರು! “ಹೊರಗಿನ ನೀರು ನನಗೆ ಆಗುವುದಿಲ್ಲ ಅಜ್ಜಿ.” ಒಣಮೀನಿನ ಚಾಪೆ ಈಗ ಮನೆಯ ಹಿಂದಕ್ಕೆ ಹೋಗಿದೆ. ಇಷ್ಟು ಮರ್ಯಾದೆಯಿಂದ ನಾನು ಎಂದೂ ಸೋತದ್ದಿಲ್ಲ.

ಅಲೆ ಜೋರಿದ್ದರೆ ಬೋಟಿನ ಅಂಚಿಗೆ ಹೋಗಬೇಡಿ. ಜೊತೆಯವರಿಗೆಲ್ಲ ನನ್ನ ನಮಸ್ಕಾರ.

ನಿಮ್ಮ ಮಗ,
ಭರಣಿ ಕಾವಲುಗಾರ ಲಕ್ಷಿತ್

ವಿ.ಸೂ.: ವಿಠಲ ಮಾವ ಬಸ್ಸಿಗೆ ಹೊರಟು ನಿಂತಿದ್ದಾರೆ. ಆ ಲೋಟದ ನೀರು ಚೆಲ್ಲಲು ಮನಸ್ಸಾಗದೆ ಅಜ್ಜಿ ತಾವೇ ಕುಡಿದರು. ಈಗ ಉಗುಳಿ ನನಗೆ ಬೈಯುತ್ತಾರೆ ಎಂದು ಕಾದೆ. ಮುಖ ಸಹ ಕಿವುಚಲಿಲ್ಲ ಪಪ್ಪಾ. ಟ್ಯಾಂಕರ್ ನೀರನ್ನು ನಮಗೆ ಬಿಟ್ಟು ಎಷ್ಟೋ ದಿನದಿಂದ ಬಾವಿಯ ಉಪ್ಪು ನೀರನ್ನೇ ಕುಡಿಯುತ್ತಿದ್ದಾರೆ. ನಾನು ಭರಣಿ ಕಾಯುತ್ತಿದ್ದೆ. ಕೇಳಿದರೆ, “ನನಗೆ ಎಂತ ಆಗ್ತದೆ, ಹೋಗು” ಅನ್ನುತ್ತಾರೆ. ಅಮ್ಮನಿಗೆ ಹೇಳಿದರೆ, “ನಿನ್ನ ಕುಶಾಲು ಸಾಕು” ಅಂದರು. ಫೋನಿನಲ್ಲಿ ಹೇಳುವ ಎಂದರೆ ಅಜ್ಜಿ ಪಕ್ಕದಲ್ಲೇ ಕೂತಿರುತ್ತಾರೆ. ನಿನ್ನೆಯಿಂದ ಅವರ ಕಾಲು ಇನ್ನಷ್ಟು ಊದಿದೆ. ನೀವಾದರೂ ನಂಬಿ, ಇದು ಕುಶಾಲು ಅಲ್ಲ.