ಮೂರನೇ ಪುಟ ತಿರುಗಿಸದ ಸಮಿತಿಗೆ

ಸ್ನಾತಕೋತ್ತರ ಪ್ರವೇಶ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಾವು ನನ್ನ ಅರ್ಜಿಯನ್ನು ತಿರಸ್ಕರಿಸಿದ್ದೀರಿ. ಅದಕ್ಕೆ ನನಗೆ ಬೇಸರವಿದೆ, ಆಶ್ಚರ್ಯವಿಲ್ಲ. ಐವತ್ತನಾಲ್ಕು ವರ್ಷದ ಹೆಂಗಸೊಬ್ಬಳು ಹಿಂದೂ ದರ್ಶನ ಮತ್ತು ಸಂಸ್ಕೃತದಲ್ಲಿ ಎಂ.ಎ. ಮಾಡುತ್ತೇನೆಂದು ಹೊರಟರೆ ದಾರಿಯಲ್ಲಿ ಯಾರಾದರೂ ಅಡ್ಡ ನಿಲ್ಲುತ್ತಾರೆಂದು ಗೊತ್ತೇ ಇತ್ತು. ಆದರೆ ಹಾಗೆ ಅಡ್ಡ ನಿಲ್ಲುವವಳು ನಾನೇ ಎಂದು ತಾವು ಬರೆದು ತಿಳಿಸುತ್ತೀರೆಂದು ಮಾತ್ರ ಕನಸಿನಲ್ಲೂ ಎಣಿಸಿರಲಿಲ್ಲ.

ತಮ್ಮ ಕಚೇರಿಯ ಪತ್ರದ ಸಾಲುಗಳನ್ನು ಹಾಗೇ ಕೊಡುತ್ತೇನೆ. ಇಲ್ಲದಿದ್ದರೆ ಓದುವವರು ನಾನು ಕಥೆ ಕಟ್ಟುತ್ತಿದ್ದೇನೆ ಅಂದುಕೊಂಡಾರು. “ಸದರಿ ಅಧ್ಯಯನವು ತಮಗೆ ತಕ್ಕುದಲ್ಲವೆಂದು ಅರ್ಜಿದಾರರೇ ಸವಿವರವಾಗಿಯೂ ಸಕಾರಣವಾಗಿಯೂ ನಿರೂಪಿಸಿರುತ್ತಾರೆ. ಸಮಿತಿಯು ಅವರ ಅಭಿಪ್ರಾಯವನ್ನು ಸರ್ವಾನುಮತದಿಂದ ಒಪ್ಪಿದೆ. ವಾದದ ಸ್ಪಷ್ಟತೆಗಾಗಿ ಅಭಿನಂದನೆಗಳು.” ಅಭಿನಂದನೆಗಳಂತೆ! ನನ್ನ ಜನ್ಮದಲ್ಲಿ ಯಾವ ಕಚೇರಿಯೂ ನನ್ನ ಮಾತನ್ನು ಇಷ್ಟು ಬೇಗ, ಇಷ್ಟು ಒಮ್ಮತದಿಂದ ಒಪ್ಪಿದ್ದಿಲ್ಲ. ಒಪ್ಪಿದ್ದೂ ಒಪ್ಪಿದಿರಿ, ನನ್ನದಲ್ಲದ ಮಾತನ್ನು ಒಪ್ಪಿದಿರಿ.

ನಡೆದದ್ದು ಇಷ್ಟು. ‘ನಾನು ಈ ವಿಷಯವನ್ನು ಯಾಕೆ ಓದಬೇಕು’ ಎಂದು ನಾಲ್ಕು ಪುಟ ಬರೆದು ಲಗತ್ತಿಸಿ ಎಂದು ತಮ್ಮ ಅರ್ಜಿ ನಮೂನೆ ಕೇಳುತ್ತದೆ. ನಾನು ಬರೆದೆ. ಹೇಗೆ ಬರೆದೆ? ಈ ಶಾಸ್ತ್ರಗಳನ್ನು ಬರೆದವರು ಹೇಗೆ ಬರೆದರೋ ಹಾಗೆ. ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ. ಅವನು ಏನೇನು ಆಕ್ಷೇಪ ಎತ್ತಬಹುದೋ ಅದನ್ನೆಲ್ಲ ಅವನ ಪರವಾಗಿ, ಅವನಿಗಿಂತ ಚೆನ್ನಾಗಿ ನಾವೇ ಹೇಳಬೇಕು. ಆಮೇಲೆ ಸಿದ್ಧಾಂತ, ಅಂದರೆ ನಮ್ಮ ಉತ್ತರ ಮತ್ತು ತೀರ್ಮಾನ. ಎರಡು ಪುಟ ಅದು, ಎರಡು ಪುಟ ಇದು. ಮೊದಲ ಪುಟದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ‘ಪೂರ್ವಪಕ್ಷ’ ಎಂದು ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೆ. ತಮ್ಮ ಸಮಿತಿ ಆ ಎರಡು ಪುಟ ಓದಿ, ತಲೆದೂಗಿ, ಕಡತ ಮುಚ್ಚಿತು.

ಬೇರೆ ಯಾವ ವಿಭಾಗದವರಾದರೂ ಹೀಗೆ ಮಾಡಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಸ್ವಾಮೀ, ಇದು ಪೂರ್ವಪಕ್ಷವನ್ನೇ ಪಾಠ ಹೇಳುವ ವಿಭಾಗ! ಅಡುಗೆ ಭಟ್ಟರಿಗೆ ಉಪ್ಪಿನ ಗುರುತು ಸಿಗಲಿಲ್ಲ ಅಂದರೆ ಊಟಕ್ಕೆ ಕೂತವರು ಏನು ಮಾಡಬೇಕು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ನೋಡಿದ್ದೇನೆ. ಅವರಾದರೂ ಕೊಟ್ಟಿಗೆಯವರೆಗೆ ಹೋಗುತ್ತಾರೆ. ತಾವು ಮೂರನೇ ಪುಟದವರೆಗೂ ಹೋಗಲಿಲ್ಲ.

ತಮ್ಮ ಕಚೇರಿಗೆ ಖುದ್ದು ಬಂದಿದ್ದೆ. ಕಿಟಕಿಯ ಹಿಂದೆ ಕೂತ ಗುಮಾಸ್ತೆ ಒಳ್ಳೆಯ ಹುಡುಗಿ, ಅವಳ ಮೇಲೆ ಒಂದು ಮಾತೂ ಆಡುವುದಿಲ್ಲ. ಪರದೆ ನೋಡಿ, ನನ್ನ ಮುಖ ನೋಡಿ, ಮತ್ತೆ ಪರದೆ ನೋಡಿದಳು.

“ಆಂಟೀ, ಬೇಡ ಅಂತ ನೀವೇ ಬರ್ದಿದೀರಲ್ಲ. ಸಹಿ ನಿಮ್ದೇ ತಾನೆ?”

“ಸಹಿ ನಂದೇ ಕಣಮ್ಮ. ಮೂರನೇ ಪುಟ ಸ್ವಲ್ಪ ನೋಡು.”

“ಎರಡು ಪುಟ ಅಷ್ಟೇ ಸ್ಕ್ಯಾನ್ ಮಾಡೋದು. ಸಮಿತಿಗೆ ಹೋಗೋದು ಅಷ್ಟೇ.”

“ಮತ್ತೆ ನಾಲ್ಕು ಪುಟ ಯಾಕಮ್ಮ ಕೇಳ್ತೀರಿ?”

“ನಮೂನೆಯಲ್ಲಿ ಹಾಗಿದೆ ಆಂಟೀ. ಉಳಿದ ಎರಡು ಕಡತದಲ್ಲಿ ಭದ್ರವಾಗಿ ಇರುತ್ತೆ, ನೀವೇನೂ ಚಿಂತೆ ಮಾಡ್ಬೇಡಿ.”

ಚಿಂತೆ ಮಾಡಬೇಡಿ ಎಂದಳಲ್ಲ, ಮನೆಗೆ ಬಂದು ಮಾಡಿದ್ದು ಅದೊಂದೇ ಕೆಲಸ.

ಇನ್ನು ನಾನು ಯಾರು ಅನ್ನುವುದನ್ನು ಹೇಳಬೇಕು. ಅದು ನಾಲ್ಕನೇ ಪುಟದಲ್ಲಿದೆ, ಹಾಗಾಗಿ ತಮಗೆ ತಿಳಿದಿರುವ ಸಂಭವವಿಲ್ಲ. ನಾನು ಹಲ್ಲಿನ ಸೆಟ್ಟು ಮಾಡುವವಳು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸ್ಸು ಕಳಿಸುತ್ತೇನೆ. ಇಪ್ಪತ್ತೇಳು ವರ್ಷದಿಂದ ಇದೇ ಕೆಲಸ. ಒಂದು ಮೇಜು, ಒಂದು ದೀಪ, ಗೋಡೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಎರಡನೆಯವರು ನನ್ನ ಗಿರಾಕಿಗಳು.

ಹನ್ನೊಂದು ವರ್ಷದ ಹಿಂದೆ ಒಂದು ಸೆಟ್ಟು ಮೂರು ಸಲ ವಾಪಸ್ಸು ಬಂತು. ನಾಲ್ಕನೇ ಸಲ ಸೆಟ್ಟಿನ ಜೊತೆಗೆ ಅದರ ಯಜಮಾನರೇ ಬಂದರು. ನಿವೃತ್ತ ಸಂಸ್ಕೃತ ಮೇಷ್ಟ್ರು. ಕೈಯಲ್ಲಿ ಸೆಟ್ಟಿನ ಡಬ್ಬಿ, ಮುಖದಲ್ಲಿ ಯುದ್ಧ. “ಅಗಿಯೋಕೆ ಚೆನ್ನಾಗಿದೆಯಮ್ಮಾ, ತಕರಾರಿಲ್ಲ. ಆದ್ರೆ ನಾನು ತಿನ್ನೋಕಷ್ಟೇ ಬದುಕಿಲ್ಲವಲ್ಲ” ಅಂದರು. ಕನ್ನಡಿ ಹಿಡಿದು ಕೂತು ತ, ಥ, ದ, ಧ, ನ ಅಂದು ತೋರಿಸಿದರು. “ನಾಲಿಗೆ ಹೋಗಿ ಹಲ್ಲಿನ ಬುಡ ಮುಟ್ಟಬೇಕು. ನೀನು ಅಲ್ಲಿ ಗೋಡೆ ಕಟ್ಟಿದೀಯ.” ನೋಡಿದೆ. ನಿಜ. ಮುಂದಿನ ಹಲ್ಲುಗಳ ಹಿಂದೆ ಕೂದಲೆಳೆಯಷ್ಟು ದಪ್ಪ ಬಿಟ್ಟಿದ್ದೆ. ಉಜ್ಜಿ ಕೊಟ್ಟೆ. ಅವರು ಒಂದು ಶ್ಲೋಕ ಹೇಳಿದರು, ‘ಸ’ಕಾರ ಸೀಟಿ ಹೊಡೆಯಿತು. ಮತ್ತೆ ಉಜ್ಜಿದೆ, ಮತ್ತೊಂದು ಶ್ಲೋಕ ಹೇಳಿದರು. ಹೀಗೆ ಆರು ದಿನ ನಡೆಯಿತು. ಏಳನೇ ದಿನ ಸೆಟ್ಟಿನಲ್ಲಿ ದೋಷವಿರಲಿಲ್ಲ, ಆದರೂ ಮೇಷ್ಟ್ರು ಬಂದರು. “ನಿನ್ನೆ ಹೇಳಿದ್ದರ ಅರ್ಥ ಕೇಳಿದ್ಯಲ್ಲ, ಅದಕ್ಕೆ ಬಂದೆ” ಅಂದರು.

ಅಂದಿನಿಂದ ಸಂಜೆ ಒಂದು ಗಂಟೆ ಕಾಲ ಪಾಠ. ಮೇಣ ಆರುವವರೆಗೆ ವ್ಯಾಕರಣ, ಪ್ಲಾಸ್ಟರ್ ಗಟ್ಟಿಯಾಗುವವರೆಗೆ ತರ್ಕ. ಅವರ ಒತ್ತಾಯಕ್ಕೆ ಸಂಜೆ ಕಾಲೇಜಿಗೆ ಸೇರಿ ಪದವಿಯನ್ನೂ ಪಡೆದೆ. ಆ ಅಂಕಪಟ್ಟಿ ಅರ್ಜಿಯ ಜೊತೆಗಿದೆ, ಭದ್ರವಾಗಿ.

ಮೇಷ್ಟ್ರು ಕಲಿಸಿದ್ದರಲ್ಲಿ ಎಲ್ಲಕ್ಕಿಂತ ಕಷ್ಟದ್ದು ಈ ಪೂರ್ವಪಕ್ಷವೇ. ಅವರದೊಂದು ನಿಯಮ: ಎದುರಿನವರ ವಾದವನ್ನು ನಾನು ಹೇಳಿದಾಗ ಅವರು ‘ಹೌದು, ನಾನು ಹೇಳಿದ್ದು ಇದೇ’ ಅನ್ನಬೇಕು. ಅಲ್ಲಿಯವರೆಗೆ ಉತ್ತರ ಕೊಡುವ ಹಕ್ಕು ನನಗಿಲ್ಲ. ಕೇಳಲು ಸುಲಭ. ಮಾಡಿ ನೋಡಿ ಅಧ್ಯಕ್ಷರೇ, ಮನೆಯಲ್ಲೇ ಮಾಡಿ ನೋಡಿ. ಪ್ರಾಣ ಹೋಗುತ್ತದೆ.

ನಾನು ಮಾಡಿ ನೋಡಿದ್ದು ಅಣ್ಣನ ಮನೆಯಲ್ಲಿ. ಅಮ್ಮ ಇರುವುದು ಅಣ್ಣ ಅತ್ತಿಗೆಯ ಜೊತೆ. ಒಂದು ದಿನ ಹೋದಾಗ ಗ್ಯಾಸ್ ಒಲೆ ಹಚ್ಚುವ ತಿರುಗಣೆಗಳೇ ಕಾಣಲಿಲ್ಲ. ಅತ್ತಿಗೆ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಅಮ್ಮ ಒಂದು ಲೋಟ ನೀರು ಬಿಸಿ ಮಾಡಿಕೊಳ್ಳುವಂತಿಲ್ಲ! ನಾನು ಕುಣಿದಾಡಿಬಿಟ್ಟೆ. “ನಮ್ಮಮ್ಮನ್ನ ನಮ್ಮಮ್ಮನ ಅಡುಗೆಮನೇಲೇ ನೆಂಟರನ್ನಾಗಿ ಮಾಡಿದ್ರಿ” ಅಂದೆ. ಅತ್ತಿಗೆ ಬಾಯಿ ಮುಚ್ಚಿಕೊಂಡರು. ಆ ಬಾಯಿ ಎರಡು ವರ್ಷ ನನ್ನ ಜೊತೆ ತೆರೆಯಲಿಲ್ಲ. ನಾನು ಹೋದರೆ ಅವರು ಬಟ್ಟೆ ಒಣಗಿಸಲು ಮಹಡಿಗೆ ಹೋಗುವರು. ಒಣಗಿದ ಬಟ್ಟೆಯನ್ನೇ ಮತ್ತೆ ಒಣಗಿಸುವರು. ಅಮ್ಮ ನಡುವೆ ಕೂತು ಒಮ್ಮೆ ಬಾಗಿಲು ನೋಡುವರು, ಒಮ್ಮೆ ನನ್ನನ್ನು ನೋಡುವರು.

ಮೇಷ್ಟ್ರ ಹತ್ತಿರ ಹೇಳಿಕೊಂಡೆ. “ಅತ್ತಿಗೆಯ ಪೂರ್ವಪಕ್ಷ ಹೇಳು ನೋಡೋಣ” ಅಂದರು. ಹೇಳಿದೆ. “ಇದು ಅವರ ಮಾತಲ್ಲ, ಅವರ ಮೇಲಿನ ನಿನ್ನ ಚಾಡಿ” ಅಂದರು. ಮತ್ತೆ ಹೇಳಿದೆ, ಮತ್ತೆ ಬೇಡ ಅಂದರು. ಎಷ್ಟು ಸಲ ಎಂದು ಲೆಕ್ಕವಿಲ್ಲ. ಕೊನೆಗೆ ನಡೆದದ್ದೇನೆಂದು ಅಣ್ಣನನ್ನು ಕೇಳಿ ತಿಳಿದು, ಒಂದು ಭಾನುವಾರ ಹೋಗಿ ಮಹಡಿ ಮೆಟ್ಟಿಲಿನ ಮೇಲೆ ಅತ್ತಿಗೆಯನ್ನು ತಡೆದು ನಿಲ್ಲಿಸಿದೆ. “ಅತ್ತಿಗೆ, ನಿಮ್ಮ ಮಾತು ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಅಮ್ಮ ಎರಡು ಸಲ ಹಾಲಿಟ್ಟು ಮರೆತರು. ಎರಡನೇ ಸಲ ನೀವು ಸ್ನಾನದ ಮನೇಲಿದ್ರಿ. ಏನಾದ್ರೂ ಆಗಿದ್ರೆ ಎಲ್ರೂ ಕೇಳೋದು ನಿಮ್ಮನ್ನೇ, ವಾರಕ್ಕೊಂದು ಸಲ ಹಣ್ಣು ಹಿಡ್ಕೊಂಡು ಬರೋ ನನ್ನನ್ನಲ್ಲ. ನಿಮಗೆ ಭಯ ಆಗಿತ್ತು. ಭಯ ಅಂತ ಹೇಳ್ಕೊಳ್ಳೋಕೆ ನಾನು ಬಿಡಲಿಲ್ಲ.”

ಅತ್ತಿಗೆ ಮೆಟ್ಟಿಲ ಮೇಲೇ ಕೂತುಬಿಟ್ಟರು. ಬಕೆಟ್ಟು ಪಕ್ಕಕ್ಕಿಟ್ಟರು. “ಹೌದು ಕಣೇ, ಇದೇ” ಅಂದರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬೈದರು. “ಇದನ್ನ ಎರಡು ವರ್ಷದ ಹಿಂದೆ ಹೇಳೋಕೆ ಏನು ರೋಗ ಬಂದಿತ್ತು ನಿಂಗೆ?” ನಾನು ನನ್ನ ವಾದವನ್ನೂ ಹೇಳಿದೆ. ಅವರು ಅದನ್ನು ಒಪ್ಪಲಿಲ್ಲ, ತಿರುಗಣೆಗಳು ಈಗಲೂ ಬೀರುವಿನಲ್ಲೇ ಇವೆ. ಆದರೆ ಈಗ ದಿನಾ ಸಂಜೆ ಅತ್ತಿಗೆ ಅವನ್ನು ತೆಗೆದು ಹಾಕುತ್ತಾರೆ, ಪಕ್ಕದಲ್ಲಿ ನಿಂತಿರುತ್ತಾರೆ, ಅಮ್ಮ ತಮ್ಮ ಕೈಯಾರೆ ಮೂವರಿಗೆ ಚಹಾ ಮಾಡುತ್ತಾರೆ.

ನಾನು ಈ ಶಾಸ್ತ್ರವನ್ನು ಯಾಕೆ ಓದಬೇಕು ಎಂದು ತಾವು ಕೇಳಿದಿರಲ್ಲ, ಇದಕ್ಕೆ. ಈ ಶಿಸ್ತನ್ನು ಯಾರು ಕಟ್ಟಿದರು, ದೇವರಿದ್ದಾನೆ ಅನ್ನುವವರು ಇಲ್ಲ ಅನ್ನುವವರ ಮಾತನ್ನು ಅಷ್ಟು ಕಾಳಜಿಯಿಂದ ಯಾಕೆ ಬರೆದಿಟ್ಟರು, ಎದುರಾಳಿಯನ್ನು ಸೋಲಿಸುವ ಮೊದಲು ಅವನನ್ನು ಎದ್ದು ನಿಲ್ಲಿಸಬೇಕೆಂದು ಅವರಿಗೆ ಯಾಕೆ ಅನ್ನಿಸಿತು, ಇದನ್ನು ಮೂಲದಲ್ಲೇ ಓದಿ ತಿಳಿಯಬೇಕೆಂಬ ಆಸೆ ನನಗೆ. ಮೇಷ್ಟ್ರಿಗೀಗ ಎಂಬತ್ತಮೂರು. ಅವರ ಕಣ್ಣು ಮಂಜಾಗಿದೆ. ಪುಸ್ತಕ ಬಿಡಿಸಿ ಪಾಠ ಹೇಳಲು ಅವರಿಂದಾಗದು. “ನನ್ನಲ್ಲಿದ್ದದ್ದು ಮುಗೀತು, ಇನ್ನು ನೀನು ಅಲ್ಲಿಗೆ ಹೋಗು” ಎಂದು ಅವರೇ ನನ್ನಿಂದ ಈ ವಿಭಾಗದ ವಿಳಾಸ ಬರೆಸಿದ್ದು.

ಇದೆಲ್ಲ ಮೂರನೇ, ನಾಲ್ಕನೇ ಪುಟದಲ್ಲಿತ್ತು. ತಾವು ಓದಿದ ಮೊದಲೆರಡು ಪುಟದಲ್ಲಿ ಏನಿತ್ತೆಂದರೆ, ವಯಸ್ಸಾಯಿತು, ನೆನಪು ನಿಲ್ಲುವುದಿಲ್ಲ; ಕೈಕಸುಬಿನವಳಿಗೆ ದರ್ಶನವೇಕೆ; ಓದಿ ಮುಗಿಸುವ ಹೊತ್ತಿಗೆ ಐವತ್ತಾರು, ಆಮೇಲೆ ಯಾವ ಕೆಲಸಕ್ಕೆ ಬಂದೀತು; ಒಬ್ಬ ಎಳೆಯ ವಿದ್ಯಾರ್ಥಿಯ ಜಾಗ ಇವಳು ಯಾಕೆ ತಿನ್ನಬೇಕು. ಒಂದೊಂದೂ ಯಾರೋ ನನಗೆ ಎದುರಿಗೇ ಹೇಳಿದ ಮಾತು. ಕೊನೆಯದನ್ನು ಮಾತ್ರ ಯಾರೂ ಹೇಳಿರಲಿಲ್ಲ, ನನಗೆ ನಾನೇ ಹೇಳಿಕೊಂಡದ್ದು. ಮೂರು ವಾರ ತಿದ್ದಿ ತಿದ್ದಿ ಬರೆದೆ. ಮೇಷ್ಟ್ರ ನಿಯಮ, ಸಡಿಲ ಬಿಡುವಂತಿಲ್ಲ. ನಿಜ ಹೇಳುತ್ತೇನೆ, ಬರೆದು ಮುಗಿಸಿದಾಗ ನಾನೇ ನಂಬಿಬಿಟ್ಟಿದ್ದೆ. ಅರ್ಜಿ ಹರಿಯಲು ಕೈಯೆತ್ತಿದ್ದೆ. ನಾಲ್ಕು ದಿನ ಬಿಟ್ಟು ಮೂರನೇ ಪುಟ ಶುರು ಮಾಡಿದೆ. ಆ ಪುಟದಲ್ಲಿ ನಾನು ನನ್ನ ಕೈಯಾರೆ ನನ್ನನ್ನು ಎತ್ತಿ ನಿಲ್ಲಿಸಿಕೊಂಡಿದ್ದೇನೆ, ಮಾನ್ಯರೇ. ತಾವು ಕಂಡದ್ದು ನಾನು ಬಿದ್ದದ್ದನ್ನು ಮಾತ್ರ. ಅದರಿಂದ ನನಗೆ ನೋವಾಗಿದೆ. ಎಷ್ಟೇ ತಮಾಷೆ ಮಾಡಿದರೂ ಈ ಮಾತನ್ನು ಹೇಳದೆ ಇರಲಾರೆ.

ತಮ್ಮ ಪತ್ರವನ್ನು ಮೇಷ್ಟ್ರಿಗೆ ಓದಿ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. “ಶಭಾಷ್! ಪೂರ್ವಪಕ್ಷ ಅಂದ್ರೆ ಹಾಗಿರಬೇಕು. ಪಾಸಾದೆ ಬಿಡು” ಅಂದರು. ಅಷ್ಟು ನಕ್ಕರೂ ಸೆಟ್ಟು ಅಲ್ಲಾಡಲಿಲ್ಲ, ಅದು ನನ್ನ ಕೈಕೆಲಸ. ನಗು ನಿಂತ ಮೇಲೆ ಕೇಳಿದರು: “ಹಾಗಾದ್ರೆ ತರಗತಿಗೆ ಹೋಗಲ್ವಾ ನೀನು?” ನಾನು ಪಕ್ಕಕ್ಕೆ ತಿರುಗಿ ದೀಪದ ಗಾಜು ಒರೆಸಿದೆ.

‘ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ’ ಎಂದು ತಾವು ಹೇಳಬಹುದು. ಹೇಳಲಾರಿರಿ. ವಿಭಾಗದಲ್ಲಿ ಉಳಿದಿರುವ ಒಬ್ಬರೇ ಪ್ರಾಧ್ಯಾಪಕರು ಎರಡು ವರ್ಷದಲ್ಲಿ ನಿವೃತ್ತರಾಗುತ್ತಾರೆ, ಹಾಗಾಗಿ ಈ ಸಲದ್ದೇ ಕೊನೆಯ ತಂಡ ಎಂದು ತಮ್ಮ ಪ್ರಕಟಣೆಯೇ ಸಾರಿದೆ. ಹತ್ತು ಜಾಗದಲ್ಲಿ ಆರು ಖಾಲಿ ಇವೆ ಎಂದೂ ಅದೇ ಹೇಳುತ್ತದೆ. ಪಟ್ಟಿ ಮುಚ್ಚಲು ಹನ್ನೆರಡು ದಿನ ಉಳಿದಿವೆ. ಎಳೆಯರ ಜಾಗ ತಿನ್ನುತ್ತೇನೆಂದು ನಾನು ಹೆದರಿದ್ದೆ ನೋಡಿ, ತಿನ್ನಲು ಅಲ್ಲಿ ಎಳೆಯರೇ ಬಂದಿಲ್ಲ!

ಆದ್ದರಿಂದ ನನ್ನ ಬೇಡಿಕೆ ಒಂದೇ. ತಾವು ದಯೆ ತೋರಿಸಬೇಕಿಲ್ಲ, ವಯಸ್ಸಿಗೆ ರಿಯಾಯಿತಿಯೂ ಬೇಡ. ಈ ಹನ್ನೆರಡು ದಿನದೊಳಗೆ ಒಂದು ಅರ್ಧ ಗಂಟೆ ನನ್ನನ್ನು ಸಮಿತಿಯ ಮುಂದೆ ಕೂರಿಸಿ. ಮೂರನೇ ಪುಟವನ್ನೂ ನಾಲ್ಕನೇ ಪುಟವನ್ನೂ ಓದಿಕೊಂಡು ಬನ್ನಿ. ನಾನು ಬಾಯಿ ಬಿಡುವುದಿಲ್ಲ, ತಾವೇ ಮಾತಾಡಿ. ನಾನು ಯಾಕೆ ಓದಬೇಕು ಅನ್ನುವುದನ್ನು ನನ್ನ ಪರವಾಗಿ, ನನಗಿಂತ ಚೆನ್ನಾಗಿ, ತಮ್ಮ ಬಾಯಿಂದ ಹೇಳಿ. ತಪ್ಪಿದರೆ ತಿದ್ದುತ್ತೇನೆ. ‘ಹೌದು, ನಾನು ಹೇಳಿದ್ದು ಇದೇ’ ಎಂದು ನಾನು ಒಪ್ಪಿದ ಮೇಲೆ, ಆಗಲೂ ತಮಗೆ ನನ್ನನ್ನು ತಿರಸ್ಕರಿಸಲು ಮನಸ್ಸು ಬಂದರೆ, ತಿರಸ್ಕರಿಸಿ. ಎದ್ದು ಕೈಮುಗಿದು ಮನೆಗೆ ಹೋಗುತ್ತೇನೆ.

ಇಂತಿ,
ತಮ್ಮ ವಾದವನ್ನು ತಮಗಿಂತ ಚೆನ್ನಾಗಿ ಬರೆದು ಕೆಟ್ಟ
ಹಲ್ಲಿನ ಸೆಟ್ಟಿನವಳು