ಅಲ್ಪವಿರಾಮಕ್ಕೆ ಬೇರೆ ಬಣ್ಣ

ಅಕ್ಕಾ,

ಮೊನ್ನೆ ನಿಮ್ಮ ತಮ್ಮನ ಹೊಲಿಗೆ ಅಂಗಡಿಗೆ ಹೋಗಿದ್ದೆ. ಅವರು ಫೋನ್ ಮಾಡಿ ನಾನು ಬಂದಿದ್ದೇನೆಂದು ಹೇಳಿದಾಗ ನೀವು ಅಂದಿರಂತೆ, "ಇವತ್ತು ಬೇಡ. ಏನಿದ್ರೂ ಬರೀಲಿ." ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಕಂಪ್ಯೂಟರು ಓದಿ ಹೇಳುವಾಗ ಎಲ್ಲೂ ಎಡವದಿರಲೆಂದು ಬರಿಯ ಅಕ್ಷರಗಳ ಕಡತ ಮಾಡಿದ್ದೇನೆ.

ನಾನು ಕೆಲಸಕ್ಕೆ ಸೇರಿದ ದಿನ ನೆನಪಿದೆಯೇ? ನೀರು ಸರಬರಾಜು ಕಚೇರಿಯ ಸರ್ವರ್ ಕೋಣೆಯಲ್ಲಿ ಇದ್ದವರು ನಾವಿಬ್ಬರೇ. ಕಡತ ತಿದ್ದುವ ವಿಮ್ ಎಂಬ ಎಡಿಟರು ತೆರೆದು ಒಂದೇ ಒಂದು ಸಾಲು ತಿದ್ದು ಎಂದು ಹೇಳಿ ನೀವು ಚಹಾ ತರಲು ಹೋದಿರಿ. ಮೌಸಿಗೆ ಬಗ್ಗದ ಆ ಕಪ್ಪು ಪರದೆಯ ಒಳಗೆ ಹೋದವಳಿಗೆ ಹೊರಗೆ ಬರುವ ದಾರಿಯೇ ತಿಳಿಯಲಿಲ್ಲ. ಇದ್ದಬದ್ದ ಕೀಲಿಗಳನ್ನೆಲ್ಲ ಒತ್ತಿ, ಬೆವತು, ಕೊನೆಗೆ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತುಬಿಟ್ಟೆ. "ಬಾಗಿಲು ತೆಗೆಯೋಕೆ ಬರಲ್ಲ ಅಂತ ಗೋಡೆ ಒಡೆದೆಯಲ್ಲೇ!" ಎಂದು ನೀವು ನಕ್ಕ ರಭಸಕ್ಕೆ ಲೋಟದ ಚಹಾ ತುಳುಕಿತು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ನನ್ನ ಬೆರಳು ಹಿಡಿದು ಮೂಲೆಯ ಎಸ್ಕೇಪ್ ಕೀಲಿಯ ಮೇಲಿಟ್ಟಿರಿ. "ದಿಕ್ಕು ತೋಚದಾಗ ಮೊದಲು ಇದನ್ನ ಒತ್ತು. ಆಮೇಲೆ ಯೋಚನೆ ಮಾಡು."

ನಾಲ್ಕು ವರ್ಷ ಆ ಕೋಣೆಯ ಎಸಿ ಚಳಿಯಲ್ಲಿ ಒಂದೇ ಶಾಲು ಹಂಚಿಕೊಂಡು ಕೂತೆವು. ಎಡಿಟರು ಹೇಗೆ ನಡೆದುಕೊಳ್ಳಬೇಕೆಂದು ಹೇಳುವ ಕಡತಗಳ ಹೆಸರು ಚುಕ್ಕಿಯಿಂದ ಶುರುವಾಗುತ್ತದೆ, ಆದ್ದರಿಂದ ಸುಮ್ಮನೆ ಪಟ್ಟಿ ಕೇಳಿದರೆ ಅವು ಕಾಣಿಸುವುದಿಲ್ಲ. "ಮನೆಯಲ್ಲಿ ದುಡಿಯೋ ಹೆಂಗಸರ ಥರ. ಎಲ್ಲಾ ಮಾಡೋದು ಇವೇ, ಎದುರಿಗೆ ಮಾತ್ರ ಬರಲ್ಲ" ಎನ್ನುತ್ತಿದ್ದಿರಿ. ಇಬ್ಬರ ಕಡತಗಳನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಪ್ರತಿ ಬದಲಾವಣೆಯ ಲೆಕ್ಕವಿಡುವ ಗಿಟ್‌ಗೆ ಒಪ್ಪಿಸಿದವರೂ ನೀವೇ. ಏನೇ ಬದಲಿಸಿದರೂ ಯಾಕೆ ಎಂದು ಒಂದು ಸಾಲು ಬರೆಯಬೇಕಿತ್ತು. ನಾನು 'ಸುಮ್ಮನೆ' ಎಂದು ಬರೆದು ಎಷ್ಟು ಸಲ ಬೈಸಿಕೊಂಡಿಲ್ಲ!

ಆ ಬುಧವಾರದ ಮಾತಿಗೆ ಬರಲೇಬೇಕು. ಪಂಪ್‌ಹೌಸುಗಳ ವಿಳಾಸವಿದ್ದ ಕಡತದಲ್ಲಿ, ಚುಕ್ಕಿ ಇರಬೇಕಾದ ಜಾಗದಲ್ಲಿ ನೀವು ಅಲ್ಪವಿರಾಮ ಹಾಕಿದ್ದಿರಿ. ಮುಕ್ಕಾಲು ಗಂಟೆ ಯಾವ ಟ್ಯಾಂಕಿನಲ್ಲಿ ಎಷ್ಟು ನೀರಿದೆಯೆಂದು ಯಾರಿಗೂ ಗೊತ್ತಾಗಲಿಲ್ಲ. ತಪ್ಪು ಹುಡುಕಿದವಳು ನಾನು. ಸಾಹೇಬರು, ಇಂಜಿನಿಯರುಗಳು ಸುತ್ತ ನಿಂತಿದ್ದರು. ನನಗೆ ಜಂಬ ನೆತ್ತಿಗೇರಿತ್ತು. "ಕಣ್ಣು ಎಲ್ಲಿಟ್ಟಿದ್ರಿ ಅಕ್ಕಾ?" ಎಂದೆ. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ತಿಂಗಳು ತುಂಬುವುದರೊಳಗೆ ಕೆಲಸ ಬಿಟ್ಟು ಹೋದಿರಿ. ಒಂದು ಮಾತಿಗೆ ಇಷ್ಟು ಸಿಟ್ಟೇ ಎಂದು ನಾನೂ ಮುಖ ಊದಿಸಿಕೊಂಡೆ. ಎರಡು ವರ್ಷ ಒಂದು ಫೋನೂ ಮಾಡಲಿಲ್ಲ.

ಕಳೆದ ವಾರ ನನಗೆ ಹೊಸ ಕಂಪ್ಯೂಟರು ಬಂತು. ಹಳೆಯ ಫೋಲ್ಡರನ್ನು ಅದಕ್ಕೆ ತಂದುಕೊಂಡು, ಯಾವುದೋ ಒಂದು ಬದಲಾವಣೆ ಹುಡುಕಲು ಹಳೆಯ ಟಿಪ್ಪಣಿಗಳನ್ನು ತೆರೆದೆ. ಅದರಲ್ಲಿ ನಿಮ್ಮ ಸಾಲುಗಳು ಒಂದರ ಹಿಂದೆ ಒಂದು. 'ಅಕ್ಷರ ಹನ್ನೆರಡರಿಂದ ಹದಿನಾರು. ಇಷ್ಟು ಸಾಕು.' ಮೂರು ತಿಂಗಳ ನಂತರ, 'ಇಪ್ಪತ್ತು. ಪರದೆ ಹಳೆಯದಾಯಿತು.' ಆಮೇಲೆ, 'ಹಿನ್ನೆಲೆ ಅಚ್ಚ ಕಪ್ಪು, ಅಕ್ಷರ ಹಳದಿ. ಡಾಕ್ಟರ್ ಹೇಳಿದ್ದು.' ಆ ಬುಧವಾರ ಸಂಜೆ ನಾಲ್ಕಕ್ಕೆ, ನಾವೆಲ್ಲ ನಕ್ಕು ಮುಗಿಸಿದ ಮೇಲೆ, 'ಚುಕ್ಕಿಗೆ ಒಂದು ಬಣ್ಣ, ಅಲ್ಪವಿರಾಮಕ್ಕೆ ಬೇರೆ ಬಣ್ಣ.'

ಕೊನೆಯದು ನೀವು ಹೊರಟ ದಿನದ್ದು. 'ನನ್ನ ಬಣ್ಣ, ದೊಡ್ಡ ಅಕ್ಷರ ಎಲ್ಲ ಅಳಿಸಿದ್ದೇನೆ. ಅವಳ ಕೆಲಸಕ್ಕೆ ಅಡ್ಡಿಯಾಗದಿರಲಿ.'

ಅಕ್ಕಾ, ಕುರ್ಚಿಗೆ ಕುರ್ಚಿ ತಾಗಿಸಿ ಕೂತಿದ್ದೆ. ನೀವು ಪರದೆಗೆ ಮುಖ ಆನಿಸಿ ಓದುವುದನ್ನು ದಿನಾ ನೋಡಿದ್ದೆ. 'ಬೆನ್ನು ನೆಟ್ಟಗೆ ಮಾಡಿ' ಎಂದು ರೇಗಿಸಿದ್ದೆ ಕೂಡ. ಹೇಳಿದರೆ ಕೆಲಸ ಹೋಗುತ್ತದೆಂದು ಹೆದರಿದ್ದಿರಾ? ಅಥವಾ ನನಗೆ ಹೇಳುವಂಥದ್ದಲ್ಲ ಅನ್ನಿಸಿತೇ? ಎರಡನೆಯದಾಗಿದ್ದರೆ ತಪ್ಪು ನನ್ನದೇ.

ನಿಮ್ಮ ತಮ್ಮ ಕಾಜಾ ಹೊಲಿಯುತ್ತ, ತಲೆ ಎತ್ತದೆ ಹೇಳಿದರು, "ಈಗ ಬೆಳಕು ನೆರಳು ಗೊತ್ತಾಗತ್ತೆ, ಅಷ್ಟೇ. ಆದ್ರೂ ಸುಮ್ನೆ ಕೂರಲ್ಲ. ಕಂಪ್ಯೂಟರ್ ಹೇಳತ್ತೆ, ಇವಳು ಟೈಪ್ ಮಾಡ್ತಾಳೆ. ಕಣ್ಣು ಹೋದ ನಾಲ್ಕು ಜನಕ್ಕೆ ಕಲಿಸ್ತಾಳೆ." ಹೊಟ್ಟೆಕಿಚ್ಚಾಯಿತು ಎಂದರೆ ನಂಬುವಿರಾ? ಅವರ ಬೆರಳು ಹಿಡಿದು ನೀವು ಕೀಲಿಗಳ ಮೇಲೆ ಇಡುತ್ತೀರಲ್ಲ, ಅದಕ್ಕೆ.

ನಾನು ಆಡಿದ ಆ ಮಾತಿಗೆ ಕ್ಷಮೆ ಕೇಳುತ್ತೇನೆ. ನೀವು ಕ್ಷಮಿಸಲೇಬೇಕೆಂದಲ್ಲ. ನಾಲ್ಕು ಜನರ ಎದುರು ಆಡಿದ್ದನ್ನು ನಾಲ್ಕು ಜನರ ಎದುರೇ ಹಿಂತೆಗೆದುಕೊಳ್ಳಬೇಕೆಂದು ನಿನ್ನೆ ಸಾಹೇಬರಿಗೂ ಇಂಜಿನಿಯರುಗಳಿಗೂ ಎಲ್ಲ ಹೇಳಿದೆ. ಯಾರೂ ನಗಲಿಲ್ಲ.

ಭಾನುವಾರ ಹತ್ತು ಗಂಟೆಗೆ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತಿರುತ್ತೇನೆ. ಕರೆದರೆ ಮನೆಗೆ ಬರುತ್ತೇನೆ. ಕರೆಯದಿದ್ದರೆ ಅದರ ಮುಂದಿನ ಭಾನುವಾರವೂ ನನಗೆ ರಜೆಯೇ.

ಬೆರಳು ಹಿಡಿದು ಕಲಿಸಿದ ನಿಮ್ಮ ಕೈ ಸದಾ ತಣ್ಣಗಿರಲಿ, ಅಕ್ಕಾ.

ನಿಮ್ಮ ಪಕ್ಕದ ಕುರ್ಚಿಯವಳು