ಕೋಷ್ಟಕದ ಕೆಳಗಿನ ಸಾಲು

ಧನಕವಡಿ, ಪುಣೆ
೧೪ ಜುಲೈ ೧೯೮೩, ಗುರುವಾರ

ರಘುರಾಮ ಅವರಿಗೆ ಗೋದಾ ಮಾಡುವ ನಮಸ್ಕಾರ.

ನಾನು ಆರಾಮ ಇದ್ದೀನಿ ಅಂತ ಬರಿಯೂದಿಲ್ಲ. ನಿಮ್ಮ ಜ್ವರದ ಸುದ್ದೀನೂ ಕೇಳೂದಿಲ್ಲ. ಡ್ರೈವರ್ ಕಾಡಪ್ಪನ ಮ್ಯಾಲ ಪೆಟ್ರೋಲ್ ಕದ್ದ ಅಪವಾದ ಬಂದ ದಿನಾನ ಕೊಲ್ಹಾಪುರದ ಅಣ್ಣನ ಮನಿಗೆ ಓಡಿಸೂವಂಥಾ ಜ್ವರ ಎಂಥಾದು ಅಂತ ನನಗ ಗೊತ್ತದ.

ಸೋಮವಾರ ಭೋಸರಿ ಕಾರ್ಖಾನಿಯೊಳಗ ಕಡೀ ವಿಚಾರಣಿ. ಹದಿಮೂರು ವರ್ಷ ದುಡದಾವನ ನೌಕರಿ ಅವತ್ತ ಹೋಗತದ. ಸಾಹೇಬರ ಕೈಯಾಗ ಇರೂದು ನೀವು ಬರದ, ನಾನು ಟೈಪ್ ಮಾಡಿದ ಆ ಕೋಷ್ಟಕ ಒಂದ. ಕಾರು ಒಂದ, ಜಪಾನಿಂದು. ಲೀಟರಿಗೆ ಜಪಾನದಾಗ ಇಪ್ಪತ್ತು ಕಿಲೋಮೀಟರ್, ಇಂಗ್ಲೆಂಡಿನಾಗ ಹದಿನೈದು, ನಮ್ಮ ಕಾಡಪ್ಪನ ಕೈಯಾಗ ಹನ್ನೊಂದು. ಉಳಿದ ಪೆಟ್ರೋಲ್ ಎಲ್ಲಿ ಹೋತು ಅಂತ ಸಾಹೇಬರು ಕೇಳಾಕತ್ತಾರ.

ಎಲ್ಲಿ ಹೋತು ಅಂತ ನಿಮಗ ಗೊತ್ತಿಲ್ಲೇನು? ಜಪಾನದವರು ಸಪಾಟ ರಸ್ತಾದಾಗ, ಒಬ್ಬನ್ನ ಕೂಡಿಸಿ, ಅರವತ್ತರ ವೇಗ ಬದಲಿಸದ ಓಡಿಸಿ ಅಳದಾರ. ಇಂಗ್ಲೆಂಡಿನವರು ಊರೊಳಗ ನಿಂತು ಹೊಂಟು ಮಾಡ್ಯಾರ. ಕಾಡಪ್ಪ ನೀವ ಹೇಳಿದಂಗ ಐದು ಮಂದೀನ್ನ ತುಂಬಿಕೊಂಡು ಕಾತ್ರಜ ಘಾಟ ಹತ್ತಿ ಸಾತಾರಾಕ್ಕ ಹೋಗಿ ಬಂದಾನ. ಇದೆಲ್ಲಾ ಕೋಷ್ಟಕದ ಕೆಳಗ ಒಂದು ಸಾಲಿನಾಗ ಇತ್ತು. ಅದಿದ್ದರ, ಪೆಟ್ರೋಲ್ ಉಳಸಾಕ ಹೊಸ ಕಾರ್ಬ್ಯುರೇಟರ್ ಮಾಡಬೇಕನ್ನೂ ನಿಮ್ಮ ಯೋಜನಾ ಸಪ್ಪಗಾಗತದ ಅಂತ ಕೆಂಪು ಮಸೀಲೆ ಹೊಡದು ಹಾಕಿದ್ರಿ.

ನಾನೇನೂ ಸಾಚಾ ಅಲ್ಲ. ಮಂಗಳವಾರ ಸಾಹೇಬರು ಕರದು, ಮೂಲ ಹಾಳಿಯಾಗ ಮತ್ತೇನರ ಇತ್ತೇನು ಅಂತ ಕೇಳಿದಾಗ ಇಲ್ಲರಿ ಅಂದೆ. ಗಂಡನ ಮಾನ ನೋಡಿ ಅಂದೆ. ಹೊರಗ ಕಾಡಪ್ಪ ಬಾಕಿನ ಮ್ಯಾಲ ಕೂತಿದ್ದ. ರಘುರಾಮ ಸಾಹೇಬರು ಊರಿಂದ ಬಂದ್ರ ಎಲ್ಲಾ ಸರಿಹೋಗತದ ವೈನಿ ಅಂತ ನನಗ ಸಮಾಧಾನ ಹೇಳಿದ. ಭಾಳ ನಾಚಿಕಿ ಬಂತು. ಅವತ್ತಿಂದ ಊಟ ಸೇರವಲ್ದು.

ಶನಿವಾರ ಈ ಪತ್ರ ನಿಮಗ ಮುಟ್ಟತದ. ಭಾನುವಾರದ ಬಸ್ ಹಿಡಿದು ಬರ್ರಿ. ನಿಮ್ಮ ಬಾಯಿಲೆ ನೀವ ಹೇಳ್ರಿ. ನಾ ಬಾಜೂಕ ನಿಂದರತೀನಿ, ನನ್ನ ಸುಳ್ಳನ್ನೂ ಒಪ್ಪಿಕೋತೀನಿ.

ಇನ್ನೂ ನಿಮ್ಮಾಕಿ,
ಗೋದಾ

ತಾ.ಕ.: ಟೈಪ್ ಮಾಡಾವರು ಕಾರ್ಬನ್ ಇಡದ ಹಾಳಿ ಹಚ್ಚೂದಿಲ್ಲ. ಲಗ್ನ ಆಗಿ ಒಂಬತ್ತು ವರ್ಷದಾಗ ನಿಮಗ ಬರದ ಪತ್ರಕ್ಕ ಮಾತ್ರ ಎಂದೂ ಇಟ್ಟಿದ್ದಿಲ್ಲ. ಇದಕ್ಕ ಇಟ್ಟೀನಿ. ಆ ಪ್ರತಿ, ನಿಮ್ಮ ಕೆಂಪು ಮಸಿ ಹಾಳಿ, ಎರಡೂ ಕಾಡಪ್ಪನ ಹೆಂಡತಿ ತಿಪ್ಪವ್ವನ ಕೈಯಾಗ ಕೊಟ್ಟೀನಿ. ಸೋಮವಾರ ಹತ್ತು ಗಂಟೆಕ್ಕ ಅಕಿ ಗೇಟಿನ ಮುಂದ ನಿಂತಿರತಾಳ.